ಅಜ್ಜನ ಕಾಲದ ಫೈಬರ್‌ಗ್ಲಾಸ್ ಬೋಟಿಗೆ ಮರುಜೀವ: ಒಳಗಿನಿಂದ ಹೊರಗೆ

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ. 1950, 60ರ ದಶಕಗಳಲ್ಲಿ ಅಚ್ಚಿನಿಂದ ಎತ್ತಿದ ಎಷ್ಟೋ ಬೋಟುಗಳ ಒಡಲು ಇವತ್ತಿಗೂ ಗಟ್ಟಿಯಾಗಿದೆ. ಕೊಳೆಯುವುದು ಆ ಒಡಲಿನೊಳಗೆ ಹುದುಗಿಸಿಟ್ಟ ಮರ. ಎಂಜಿನ್ ತೂಗುವ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಆ ಕಾಲದ ಬಹುಪಾಲು ಬೋಟುಗಳಲ್ಲಿ ಅದರ ತಿರುಳು ಪ್ಲೈವುಡ್. ತಳದ ಉದ್ದಕ್ಕೂ ಮಲಗಿರುವ ಸ್ಟ್ರಿಂಜರ್ ತೊಲೆಗಳು ಮರದವು. ಕಾಲಿಡುವ ನೆಲವೂ ಪ್ಲೈವುಡ್ಡೇ. ಎಲ್ಲದರ ಮೇಲೂ ಗಾಜಿನ ನಾರು ಮತ್ತು ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು ದ್ರವ) ಹೊದಿಸಿರುವುದರಿಂದ ಹೊರಗಿನಿಂದ ನೋಡಿದರೆ ಮರ ಇರುವ ಸುಳಿವೇ ಸಿಗುವುದಿಲ್ಲ. ಯಾವುದೋ ಒಂದು ಸ್ಕ್ರೂ ತೂತಿನಿಂದ ಇಳಿದ ನೀರು ಹೊರಬರಲು ದಾರಿಯಿಲ್ಲದೆ ಅಲ್ಲೇ ನಿಂತು, ವರ್ಷಗಟ್ಟಲೆ ಮರವನ್ನು ತಿನ್ನುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಹಳೆಯ ಬೋಟಿನ ಮಟ್ಟಿಗೆ ಅಕ್ಷರಶಃ ನಿಜ.

ಆದ್ದರಿಂದ ಈ ಕೆಲಸ ಒಳಗಿನಿಂದ ಹೊರಗೆ ಸಾಗಬೇಕು. ಹಿರಿಯರ ಬೋಟು ಕೈಗೆ ಬಂದ ಸಂಭ್ರಮದಲ್ಲಿ ಎಲ್ಲರೂ ಮೊದಲು ಬಣ್ಣದ ಡಬ್ಬಿ ತರುತ್ತಾರೆ. ಅದು ಬೇಡ. ಲಡ್ಡಾದ ಟ್ರಾನ್ಸಮ್ ಮೇಲೆ ಬಳಿದ ಬಣ್ಣ ಮುಂದಿನ ವರ್ಷ ಕತ್ತರಿಸಿ ಎಸೆಯಬೇಕಾದ ಬಣ್ಣ.

ಮೊದಲು ಮನೆಯವರನ್ನು ಕೇಳಿ

ಹೊರಗಿನವರಿಂದ ಕೊಂಡ ಹಳೆ ಬೋಟಿಗಿಲ್ಲದ ಒಂದು ಅನುಕೂಲ ಮನೆತನದ ಬೋಟಿಗಿದೆ. ಅದರ ಚರಿತ್ರೆ ಬಲ್ಲವರು ಮನೆಯಲ್ಲೇ ಇದ್ದಾರೆ. ಎಲ್ಲಿ ಬಂಡೆಗೆ ತಾಗಿತ್ತು, ನೆಲವನ್ನು ಯಾವಾಗ ಬದಲಿಸಿದರು, ಎಂಜಿನ್ ಮೊದಲಿನದೋ ನಡುವೆ ಬಂದದ್ದೋ, ಎಷ್ಟು ಮಳೆಗಾಲ ಹೊದಿಕೆಯಿಲ್ಲದೆ ನಿಂತಿತ್ತು ಎಂಬುದೆಲ್ಲ ದೊಡ್ಡಪ್ಪನಿಗೋ ಅತ್ತೆಗೋ ನೆನಪಿರುತ್ತದೆ. ಬರೆದಿಟ್ಟುಕೊಳ್ಳಿ. ಆಲ್ಬಮ್ಮಿನ ಹಳೆಯ ಫೋಟೋಗಳನ್ನೂ ತೆಗೆಸಿ. ಕಳೆದುಹೋದ ಗಾಳಿತಡೆಯ ಆಕಾರ, ಪಟ್ಟೆಯ ಬಣ್ಣ, ಸೀಟಿನ ಹೊಲಿಗೆ ಇವೆಲ್ಲ ಅಲ್ಲಿ ಸಿಗುತ್ತವೆ.

ಕಾಗದಪತ್ರ ಯಾರ ಹೆಸರಿನಲ್ಲಿದೆ ಎಂಬುದನ್ನೂ ಈಗಲೇ ನೋಡಿ. ಅಣ್ಣತಮ್ಮಂದಿರಿಗೆಲ್ಲ ಪಾಲಿದ್ದರೆ, ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಎಂದು ಕೂತು ಮಾತಾಡಿ. ಅಪ್ಪನ ಕೈ ಸವೆಸಿದ ಸ್ಟೀರಿಂಗ್ ಚಕ್ರವನ್ನು ಒಬ್ಬರು ಹೊಸದಾಗಿಸಿ, ಇನ್ನೊಬ್ಬರು ಜೀವಮಾನವಿಡೀ ನೊಂದುಕೊಳ್ಳುವುದು ಬೇಡ. ನನ್ನ ಅಭಿಪ್ರಾಯ ಹೀಗೆ: ಪ್ರಾಣಕ್ಕೆ ಸಂಬಂಧಿಸಿದ್ದೆಲ್ಲ, ಅಂದರೆ ಟ್ರಾನ್ಸಮ್, ಪೆಟ್ರೋಲ್ ಪೈಪು, ವೈರು, ಸ್ಟೀರಿಂಗ್ ಕೇಬಲ್ ಹೊಸದಾಗಬೇಕು. ಕೈಗೆ, ಕಣ್ಣಿಗೆ ಸಿಗುವ ಹಳೆಯ ಗುರುತುಗಳನ್ನು ಆದಷ್ಟೂ ಉಳಿಸಿಕೊಳ್ಳಬೇಕು.

ಅಮೆರಿಕದಲ್ಲಿ 1972ರ ನವೆಂಬರ್ ನಂತರ ತಯಾರಾದ ಬೋಟಾದರೆ ಟ್ರಾನ್ಸಮ್ಮಿನ ಬಲಮೂಲೆಯಲ್ಲಿ 12 ಅಕ್ಷರಗಳ ಗುರುತಿನ ಸಂಖ್ಯೆ ಇರುತ್ತದೆ. ಅದಕ್ಕಿಂತ ಹಳೆಯದರಲ್ಲಿ ತಯಾರಕರ ತಗಡೇ ಆಧಾರ. ಎಷ್ಟು ಜನ, ಎಷ್ಟು ಭಾರ, ಎಷ್ಟು ಅಶ್ವಶಕ್ತಿ ಎಂದು ಬರೆದ ತಗಡಿದ್ದರೆ ಅದರ ಮಾತು ಮೀರಬೇಡಿ.

ತಪಾಸಣೆ

ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಟ್ರಾನ್ಸಮ್ಮನ್ನು ಅಂಗುಲ ಅಂಗುಲಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಮರ ಇರುವಲ್ಲಿ ಸದ್ದು ಚುರುಕಾಗಿ ಮರಳುತ್ತದೆ, ಸುತ್ತಿಗೆ ಪುಟಿಯುತ್ತದೆ. ಮೆತ್ತಗಾದ ಕಡೆ ಸದ್ದು ಮಂಕಾಗಿ ಅಲ್ಲೇ ಸಾಯುತ್ತದೆ. ಎಂಜಿನ್ ಇನ್ನೂ ತೂಗುತ್ತಿದ್ದರೆ ಅದನ್ನು ಅರ್ಧ ಮೇಲೆತ್ತಿ, ಕೆಳತುದಿಯ ಮೇಲೆ ನಿಮ್ಮ ಭಾರ ಬಿಡಿ. ಟ್ರಾನ್ಸಮ್ ಕಣ್ಣಿಗೆ ಕಾಣುವಷ್ಟು ಬಾಗಿದರೆ ಮುಂದೆ ಪರೀಕ್ಷೆಯೇ ಬೇಡ.

ಅನುಮಾನ ಉಳಿದರೆ ಡ್ರಿಲ್ ಹಿಡಿಯಿರಿ. ಬೋಟಿನ ಒಳಗಡೆಯಿಂದ, ನೀರು ಹೋಗಿ ನಿಲ್ಲುವ ಕೆಳಭಾಗದಲ್ಲಿ, 4 ಮಿ.ಮೀ. ಬಿಟ್‌ನಿಂದ ನಿಧಾನವಾಗಿ ಕೊರೆಯಿರಿ. ಹೊರಪದರ ತೂರಬಾರದು, ಆದ್ದರಿಂದ ಬಿಟ್‌ಗೆ ಟೇಪು ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಮೊದಲು ಬಿಳಿ ಪುಡಿ ಬರುತ್ತದೆ, ಅದು ಗಾಜಿನ ನಾರು. ಆಮೇಲೆ ಬರುವ ಮರದ ಹೊಟ್ಟನ್ನು ಅಂಗೈಗೆ ಹಾಕಿಕೊಂಡು ನೋಡಿ. ತಿಳಿ ಬಣ್ಣದ, ಗರಿಗರಿಯಾದ ಸುರುಳಿಗಳು ಬಂದರೆ ಮರ ಬದುಕಿದೆ. ಬಿಟ್‌ಗೆ ಅಂಟುವ ಕಪ್ಪು, ಒದ್ದೆ, ಹುಳಿವಾಸನೆಯ ಹುಡಿ ಬಂದರೆ ಮರ ಮುಗಿದಿದೆ. ತೂತಿನಿಂದ ನೀರೇ ತೊಟ್ಟಿಕ್ಕುವುದೂ ಉಂಟು. ನಾಲ್ಕಾರು ಕಡೆ ಹೀಗೆ ನೋಡಿದರೆ ಹಾನಿಯ ನಕ್ಷೆ ಸಿಗುತ್ತದೆ. ತೂತುಗಳನ್ನು ಆಮೇಲೆ ಎಪಾಕ್ಸಿಯಿಂದ, ಅಂದರೆ ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ಒಂದು ಬಗೆಯ ರೆಸಿನ್‌ನಿಂದ, ಮುಚ್ಚಬಹುದು. ಸ್ಟ್ರಿಂಜರ್‌ಗಳಿಗೂ ಇದೇ ಪರೀಕ್ಷೆ.

ನೆಲದ ಕೆಳಗೆ ತೇಲುವಿಕೆಗಾಗಿ ತುಂಬಿದ ಫೋಮ್ ಇದ್ದರೆ ಒಂದು ತುಂಡು ಕೊರೆದು ತೆಗೆದು ಹಿಂಡಿ. ಬೋಟಿನ ತೂಕ ಕಂಪನಿ ಹೇಳಿದ್ದಕ್ಕಿಂತ ತುಂಬಾ ಹೆಚ್ಚಿದ್ದರೆ ಅಷ್ಟೂ ಭಾರ ಬಹುಶಃ ಆ ಫೋಮ್ ಕುಡಿದ ನೀರು.

ಮೈಯ ಕಾಳಜಿ

ಗಾಜಿನ ಪುಡಿ ಶ್ವಾಸಕೋಶಕ್ಕೆ ಹೋದರೆ ಸುಲಭಕ್ಕೆ ಹೊರಬರುವುದಿಲ್ಲ. ಬಟ್ಟೆಯ ಮಾಸ್ಕು ಇಲ್ಲಿ ನಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ, ಧೂಳು ಮತ್ತು ರಾಸಾಯನಿಕ ಆವಿ ಎರಡನ್ನೂ ತಡೆಯುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಜೊತೆಗೆ ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ನೈಟ್ರೈಲ್ ಕೈಗವಸು, ತುಂಬುತೋಳಿನ ಉಡುಪು. ಪಾಲಿಯೆಸ್ಟರ್ ರೆಸಿನ್‌ಗೆ ಹಾಕುವ ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಹಾಗಾಗಿ ಕಣ್ಣು ತೊಳೆಯಲು ನೀರು ಕೈಯಳತೆಯಲ್ಲೇ ಇರಲಿ.

ತಳಕ್ಕೆ ಪಾಚಿ, ಚಿಪ್ಪು ಹಿಡಿಯದಂತೆ ಬಳಿದ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಲೇಬೇಡಿ. ಅದರಲ್ಲಿ ತಾಮ್ರವಂತೂ ಇರುತ್ತದೆ. ಹಳೆಯದಾದರೆ ಟ್ರೈಬ್ಯುಟೈಲ್ ಟಿನ್ ಎಂಬ ವಿಷವೂ ಇರಬಹುದು. 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿದೆ. ನೀರು ಹಾಕಿ ಒದ್ದೆಯಾಗಿ ಉಜ್ಜಿ, ಇಳಿದ ಕೆಸರನ್ನು ಹಾಳೆಯ ಮೇಲೆ ಹಿಡಿದು ಅಪಾಯಕಾರಿ ಕಸವಾಗಿ ವಿಲೇವಾರಿ ಮಾಡಿ.

ಆಧಾರ ಕೊಟ್ಟು ಬಿಚ್ಚುವುದು

ನೆಲ ಮತ್ತು ಸ್ಟ್ರಿಂಜರ್ ತೆಗೆದ ಒಡಲಿಗೆ ಬೆನ್ನೆಲುಬಿಲ್ಲ. ಟ್ರೇಲರ್‌ನ ಎರಡು ರೋಲರ್ ಮೇಲೆ ಹಾಗೇ ಬಿಟ್ಟರೆ ತಳ ಜೋತುಬೀಳುತ್ತದೆ. ಆ ಸೊಟ್ಟ ಆಕಾರದಲ್ಲೇ ಹೊಸ ಸ್ಟ್ರಿಂಜರ್ ಕೂರಿಸಿದರೆ ಬೋಟು ಜೀವನಪೂರ್ತಿ ಸೊಟ್ಟ ಓಡುತ್ತದೆ. ಆದ್ದರಿಂದ ತಳದ ಆಕಾರಕ್ಕೆ ಸರಿಯಾಗಿ ಹಲಗೆ ಕತ್ತರಿಸಿ ಮೂರು ನಾಲ್ಕು ಕಡೆ ತೊಟ್ಟಿಲಿನಂತೆ ಆಧಾರ ಕೊಡಿ. ಮೇಲಿನ ಡೆಕ್ ಎತ್ತುವುದಾದರೆ ಅದಕ್ಕೂ ಮೊದಲು ಬೋಟಿನ ಅಗಲವನ್ನು ಹಲವು ಕಡೆ ಅಳೆದು ಬರೆದು, ಅಡ್ಡಕ್ಕೆ ಪಟ್ಟಿ ಬಿಗಿಯಿರಿ.

ಬಿಚ್ಚುವಾಗ ಪ್ರತಿ ವಸ್ತುವಿಗೂ ಫೋಟೋ, ಚೀಟಿ, ಪ್ರತ್ಯೇಕ ಚೀಲ. ಹಳೆಯ ಹಿಡಿಗಳು, ದೀಪದ ಬುಡಗಳು ಸಾಮಾನ್ಯವಾಗಿ ಸತುವಿನ ಎರಕಕ್ಕೆ ಕ್ರೋಮ್ ಹಚ್ಚಿದವು. ಜೋರು ಮಾಡಿದರೆ ಮುರಿಯುತ್ತವೆ, ಮುರಿದರೆ ಜೊತೆ ಸಿಗುವುದಿಲ್ಲ. ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ.

ಒಂದು ಹಿಡಿಯನ್ನು ಬಿಚ್ಚಿದಾಗ ಅದರ ಕೆಳಗಿನ ಜಾಗವನ್ನು ಒರೆಸಿ ನೋಡಿ. ಬಿಸಿಲೇ ಕಾಣದ ಆ ಅಂಗೈಯಗಲದ ಜಾಗದಲ್ಲಿ ಬೋಟಿನ ಮೂಲ ಬಣ್ಣ ಹಾಗೇ ಉಳಿದಿರುತ್ತದೆ. ಸುತ್ತಲೂ ಸುಣ್ಣದಂತೆ ಬಿಳಿಚಿಕೊಂಡ ಮೈ, ನಡುವೆ ತುಂಬು ಬಣ್ಣ. ಬಣ್ಣ ಹೊಂದಿಸಲು ಫೋಟೋಗಿಂತ ಇದು ನಂಬಿಕಸ್ಥ ಮಾದರಿ. ಆ ಜಾಗವನ್ನು ಉಜ್ಜಬೇಡಿ, ಟೇಪು ಹಚ್ಚಿ ಕಾಪಾಡಿ.

ಟ್ರಾನ್ಸಮ್

ಇಡೀ ಕೆಲಸದ ಜೀವಾಳ ಇದು. ಆತುರ ಮಾಡುವಂತಿಲ್ಲ.

ಮೊದಲಿಗೆ ಟ್ರಾನ್ಸಮ್ಮಿನ ಎತ್ತರ, ದಪ್ಪ, ವಾಲುವ ಕೋನ ಮೂರನ್ನೂ ಅಳೆದು ಬರೆಯಿರಿ, ರಟ್ಟಿನಲ್ಲಿ ಆಕಾರ ಕತ್ತರಿಸಿಟ್ಟುಕೊಳ್ಳಿ. ಹೊರಗೆ ತೂಗುವ ಎಂಜಿನ್‌ಗಳನ್ನು ಸುಮಾರು 38, 51, 64 ಸೆಂ.ಮೀ. ಎತ್ತರದ ಟ್ರಾನ್ಸಮ್‌ಗಳಿಗೆಂದೇ ಮಾಡುವುದರಿಂದ ಈ ಅಳತೆ ತಪ್ಪಿದರೆ ಪ್ರೊಪೆಲ್ಲರ್ ಒಂದೋ ಗಾಳಿ ಕಡೆಯುತ್ತದೆ, ಇಲ್ಲವೇ ಅತಿ ಆಳಕ್ಕಿಳಿದು ಬೋಟನ್ನು ಜಗ್ಗುತ್ತದೆ.

ಒಳಪದರವನ್ನು ಕತ್ತರಿಸಿ ಮರವನ್ನು ಒಳಗಿನಿಂದಲೇ ತೆಗೆಯುವುದು ನನಗೆ ಒಪ್ಪಿಗೆಯಾದ ದಾರಿ. ಹೊರಗಿನ ಜೆಲ್‌ಕೋಟ್ (ಬೋಟಿಗೆ ಬಣ್ಣ, ಹೊಳಪು ಕೊಡುವ ತೆಳು ಹೊರಪದರ) ಮತ್ತು ಆಕಾರ ಎರಡೂ ಇದರಿಂದ ಉಳಿಯುತ್ತವೆ. ಕತ್ತರಿಸುವಾಗ ಅಂಚಿನಲ್ಲಿ 5 ಸೆಂ.ಮೀ.ನಷ್ಟು ಹಳೆಯ ಪದರ ಬಿಡಿ. ಮೆತ್ತಗಾದ ಮರ ಉಳಿ ತಾಗಿಸಿದರೆ ಸಾಕು, ಸಲಿಕೆಯಲ್ಲಿ ಎತ್ತುವಂತೆ ಬರುತ್ತದೆ. ಗಟ್ಟಿ ಉಳಿದ ಕಡೆ ಗ್ರೈಂಡರ್ ಬೇಕು. ಹೊರಪದರದ ಒಳಮೈಯನ್ನು 40 ನಂಬರಿನ ಡಿಸ್ಕಿನಿಂದ ಉಜ್ಜಿ, ಹೊಳಪೆಲ್ಲ ಹೋಗಿ ಶುದ್ಧ ನಾರು ಕಾಣುವ ತನಕ ಬಿಡಬೇಡಿ. ನಂತರ ಒಣಗಲು ಬಿಡಿ, ಫ್ಯಾನು ಹಾಕಿ, ದಿನಗಟ್ಟಲೆ.

ಹೊಸ ತಿರುಳಿಗೆ ಮೆರೈನ್ ಪ್ಲೈವುಡ್ಡೇ ಆಗಬೇಕು. ಬಿಎಸ್ 1088 ಎಂಬ ಗುಣಮಟ್ಟದ ಮುದ್ರೆ ಇದ್ದರೆ ಒಳಪದರಗಳಲ್ಲಿ ಟೊಳ್ಳು ಇರುವುದಿಲ್ಲ ಎಂಬ ಭರವಸೆ. 18 ಮಿ.ಮೀ.ನ ಎರಡು ಹಲಗೆ ಅಂಟಿಸಿದರೆ ಅಂಟಿನ ಪದರವೂ ಸೇರಿ 37, 38 ಮಿ.ಮೀ. ಆಗುತ್ತದೆ, ಬಹುತೇಕ ಎಂಜಿನ್ ಹಿಡಿಕೆಗಳಿಗೆ ಅದು ಸರಿ. ಹಲಗೆಯ ಅಂಚುಗಳಿಗೆ ತೆಳು ಎಪಾಕ್ಸಿಯನ್ನು ಅದು ಹೀರುವುದು ನಿಲ್ಲಿಸುವವರೆಗೂ ಕುಡಿಸಿ, ಏಕೆಂದರೆ ನೀರು ಒಳನುಗ್ಗುವುದೇ ಅಂಚಿನಿಂದ.

ಎಪಾಕ್ಸಿಯೋ ಪಾಲಿಯೆಸ್ಟರೋ? ಬೋಟು ಕಟ್ಟಿದ್ದು ಪಾಲಿಯೆಸ್ಟರ್ ರೆಸಿನ್‌ನಲ್ಲೇ ಆದರೂ ರಿಪೇರಿಗೆ ನಾನು ಎಪಾಕ್ಸಿಯನ್ನೇ ಹೇಳುತ್ತೇನೆ. ಹಳೆಯ, ಗಟ್ಟಿಯಾದ ಮೈಗೆ ಅದು ಹಿಡಿಯುವ ಹಿಡಿತ ಪಾಲಿಯೆಸ್ಟರ್‌ಗಿಲ್ಲ. ಎರಡು ಎಚ್ಚರಿಕೆ ಮಾತ್ರ ಮರೆಯಬಾರದು. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಎಪಾಕ್ಸಿ ಬಳಸಿದ ಜಾಗಕ್ಕೆ ಕೊನೆಗೆ ಪೇಂಟೇ ಗತಿ. ಇನ್ನು, ಅಂಗಡಿಯಲ್ಲಿ ಸುಲಭವಾಗಿ ಸಿಗುವ, ತುಂಡು ನಾರುಗಳನ್ನು ಹರಡಿ ಮಾಡಿದ ಚಾಪ್ಡ್ ಸ್ಟ್ರ್ಯಾಂಡ್ ಮ್ಯಾಟ್‌ನ ನಾರುಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಎಪಾಕ್ಸಿಯ ಜೊತೆಗೆ ಬೈಆಕ್ಸಿಯಲ್ ಬಟ್ಟೆ, ಅಂದರೆ ಎರಡು ದಿಕ್ಕಿಗೆ ನಾರು ಹಾಸಿ ಹೊಲಿದ ಗಾಜಿನ ಬಟ್ಟೆ ಬಳಸಿ.

ಅಳತೆಯ ವಿಷಯದಲ್ಲಿ ಎಪಾಕ್ಸಿ ಬಹಳ ಕಟ್ಟುನಿಟ್ಟು. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಜಾಸ್ತಿ ಹಾಕಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಕಂಪನಿ ಹೇಳಿದ ಪ್ರಮಾಣ, ತಕ್ಕಡಿ ಅಥವಾ ಪಂಪು, ಅಷ್ಟೇ. ಕಲಸಿದ್ದನ್ನು ಡಬ್ಬಿಯಲ್ಲೇ ಬಿಟ್ಟರೆ ತನ್ನ ಶಾಖಕ್ಕೆ ತಾನೇ ಕುದಿದು ಹೊಗೆಯಾಡುತ್ತದೆ, ಆದ್ದರಿಂದ ಅಗಲ ತಟ್ಟೆಗೆ ಸುರಿದುಕೊಳ್ಳಿ.

ಅಂಟಿಸುವ ಪುಟ್ಟಿಗೆ ಎಪಾಕ್ಸಿಯಲ್ಲಿ ಕೊಲಾಯ್ಡಲ್ ಸಿಲಿಕಾ ಪುಡಿ ಬೆರೆಸಿ. ಕರಣೆಯನ್ನು ನೆಟ್ಟಗೆ ಹಿಡಿದರೂ ಜಾರಬಾರದು, ಅದು ಹದ. ಮೊದಲು ಎರಡೂ ಮೈಗೆ ಬರೀ ಎಪಾಕ್ಸಿ ಸವರಿ, ಮೇಲೆ ಹಲ್ಲಿನ ಕರಣೆಯಿಂದ ಪುಟ್ಟಿ ಎಳೆದು, ಹಲಗೆಯನ್ನು ಒತ್ತಿ ಕೂರಿಸಿ. ಹೊರಗಡೆಯಿಂದ ಬಾಗದ ದಪ್ಪ ಹಲಗೆ ಕೊಟ್ಟು ಕ್ಲ್ಯಾಂಪ್ ಹಾಕಿ. ಇಲ್ಲವಾದರೆ ಹೊರಪದರ ಅಲೆಅಲೆಯಾಗಿ ನಿಲ್ಲುತ್ತದೆ. ಸುತ್ತಲೂ ಪುಟ್ಟಿ ಸಮನಾಗಿ ಇಣುಕಿದರೆ ಸಾಕು. ಇನ್ನೂ ಬಿಗಿದರೆ ಅಂಟೆಲ್ಲ ಹೊರಗೆ ಹೋಗಿ ಒಳಗೆ ಒಣ ಕೂಡಿಕೆ ಉಳಿಯುತ್ತದೆ.

ಮೂಲೆಗಳಿಗೆ ಪುಟ್ಟಿಯಿಂದ ದುಂಡಗೆ ಗೋಟು ಕೊಡಿ, ಏಕೆಂದರೆ ಗಾಜಿನ ಬಟ್ಟೆ ಚೂಪು ಮೂಲೆಯಲ್ಲಿ ಮಡಚದೆ ಗಾಳಿ ಹಿಡಿಯುತ್ತದೆ. ಅದರ ಮೇಲೆ ಬಟ್ಟೆಯ ಪದರಗಳನ್ನು ಒಂದಕ್ಕಿಂತ ಒಂದು ಅಗಲವಾಗಿ, ಹಳೆಯ ಅಂಚನ್ನೂ ತಳವನ್ನೂ ಹಿಡಿಯುವಂತೆ ಹಾಸಿ. ಹಳೆಯ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿರಬೇಕು, 5 ಮಿ.ಮೀ. ಪದರವಾದರೆ 60 ಮಿ.ಮೀ. ಇಳಿಜಾರು. ಪದರಗಳ ನಡುವೆ ಒಂದು ದಿನ ಕಳೆದಿದ್ದರೆ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂತಿರುತ್ತದೆ. ಅದನ್ನು ನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಸ್ಯಾಂಡ್‌ಪೇಪರ್ ತಾಗಿಸಿಯೇ ಮುಂದುವರಿಯಿರಿ.

ಸ್ಟ್ರಿಂಜರ್, ನೆಲ, ಫೋಮ್

ಸ್ಟ್ರಿಂಜರ್‌ಗಳನ್ನು ಎಲ್ಲ ಒಟ್ಟಿಗೆ ಕೀಳಬೇಡಿ. ಒಂದನ್ನು ತೆಗೆದು, ಹೊಸದನ್ನು ಕೂರಿಸಿ, ಗಟ್ಟಿಯಾದ ಮೇಲೆ ಇನ್ನೊಂದು. ಮರದ ಅಂಚು ನೇರವಾಗಿ ತಳಕ್ಕೆ ಒತ್ತಿದರೆ ಆ ಗೆರೆಯುದ್ದಕ್ಕೂ ಹೊರಮೈಯಲ್ಲಿ ಬಿರುಕು ಮೂಡುತ್ತದೆ. ಕೆಳಗೆ ಪುಟ್ಟಿಯ ಮೆತ್ತೆ ಹಾಸಿ ಕೂರಿಸಿ, ಬಟ್ಟೆ ಹೊದಿಸಿ. ನೀರು ಹಿಂದಕ್ಕೆ ಹರಿಯಲು ಸ್ಟ್ರಿಂಜರ್‌ನಲ್ಲಿ ಬಿಡುವ ತೂತಿಗೆ ಪೈಪಿನ ತುಂಡು ಇಟ್ಟು, ಅದರ ಸುತ್ತ ಮರ ಕಾಣದಂತೆ ಎಪಾಕ್ಸಿ ತುಂಬಿ. ಹಳೆಯ ಬೋಟುಗಳಲ್ಲಿ ಕೊಳೆತ ಶುರುವಾದದ್ದೇ ಈ ಹಸಿಮರದ ತೂತುಗಳಿಂದ.

ಒದ್ದೆ ಫೋಮ್ ತೆಗೆದವರು ಹೊಸದನ್ನು ಹಾಕದೆ ಬಿಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೋಟು ಮಗುಚಿದಾಗ ಹಿಡಿದುಕೊಳ್ಳಲು ತೇಲುತ್ತ ಉಳಿಯುವುದು ಅದರಿಂದಲೇ. ಘನಮೀಟರಿಗೆ 32 ಕೆ.ಜಿ. ತೂಗುವ, ಗುಳ್ಳೆ ಮುಚ್ಚಿದ ಬಗೆಯ ಪಾಲಿಯುರೆಥೇನ್ ಫೋಮ್ ಒಂದು ಘನಮೀಟರ್ ಇದ್ದರೆ ನೀರಿನಲ್ಲಿ ಸುಮಾರು 960 ಕೆ.ಜಿ. ಎತ್ತಿ ಹಿಡಿಯುತ್ತದೆ. ತೆಗೆದಷ್ಟೇ ಪ್ರಮಾಣದಲ್ಲಿ, ತೆಗೆದ ಜಾಗದಲ್ಲೇ ಹಾಕಿ. ಸ್ವಲ್ಪ ಸ್ವಲ್ಪವೇ ಸುರಿಯಿರಿ, ಉಬ್ಬುವ ರಭಸಕ್ಕೆ ನೆಲವೇ ಏಳಬಹುದು. ಕೆಳಗೆ ನೀರು ಹರಿಯಲು ಕಾಲುವೆ ಬಿಡಿ.

ನೆಲದ ಹಲಗೆಯ ಎರಡೂ ಮುಖಕ್ಕೆ ಎಪಾಕ್ಸಿ ಕೊಡಿ. ಕೆಳಮುಖ ಕಾಣುವುದಿಲ್ಲ ಎಂದು ಬಿಡುವವರೇ ಹೆಚ್ಚು. ತೇವ ಬರುವುದು ಅಲ್ಲಿಂದಲೇ.

ಮೈಯ ಬಿರುಕು, ಗುಳ್ಳೆ, ಹೊಳಪು

ಜೆಲ್‌ಕೋಟ್ ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಉಜ್ಜಿದ್ದು ಮರಳಿ ಬರುವುದಿಲ್ಲ. ಮೊದಲು ಸೋಪುನೀರಿನಲ್ಲಿ ತೊಳೆದು, ಮೇಣ ತೆಗೆಯುವ ದ್ರಾವಣದಿಂದ ಒರೆಸಿ. ನೀರಿನ ಮಟ್ಟದ ಹಳದಿ ಕಲೆಗೆ, ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲ ಸಾಕು, ಉಜ್ಜುವುದೇ ಬೇಡ. ಆಮೇಲೂ ಸುಣ್ಣದಂತಿದ್ದರೆ ಮಾತ್ರ 1000, 1500, 2000 ನಂಬರಿನ ಕಾಗದದಲ್ಲಿ ಒದ್ದೆಯಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್, ಪಾಲಿಶ್, ಮೇಣ ಎಂಬ ಕ್ರಮದಲ್ಲಿ ಹೋಗಿ. ಎಷ್ಟೋ ಸಲ ಪೇಂಟಿನ ಅಗತ್ಯವೇ ಬೀಳುವುದಿಲ್ಲ, ಮೂಲ ಬಣ್ಣವೇ ಎದ್ದು ಬರುತ್ತದೆ.

ಬಿರುಕು ಕಂಡರೆ ಕಾರಣ ಹುಡುಕಿ. ನಕ್ಷತ್ರದಂತೆ ಚದುರಿದ್ದರೆ ಪೆಟ್ಟು ಬಿದ್ದದ್ದು. ಸಮಾನಾಂತರ ಗೆರೆಗಳಾಗಿದ್ದರೆ ಆ ಭಾಗ ಬಾಗುತ್ತಿದೆ. ಬಾಗುವುದನ್ನು ಒಳಗಿನಿಂದ ಬಲಪಡಿಸದೆ ಮೇಲೆ ತುಂಬಿದರೆ ಮತ್ತೆ ಬಿರಿಯುತ್ತದೆ. ಬಿರುಕನ್ನು ತ್ರಿಕೋನದ ತೋಡಾಗಿ ತೆರೆದು ಜೆಲ್‌ಕೋಟ್ ಪೇಸ್ಟ್ ತುಂಬಿ. ಗಾಳಿ ತಾಗಿದರೆ ಅದರ ಮೇಲ್ಮೈ ಅಂಟಂಟಾಗಿ ಉಳಿಯುವುದರಿಂದ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿಡಿ. ತಳದಲ್ಲಿ ಗುಳ್ಳೆಗಳಿದ್ದರೆ ಒಡೆದು, ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಬೇಕು.

ಪೇಂಟ್ ಮಾಡಲೇಬೇಕಾದರೆ ಎರಡು ಭಾಗದ ಪಾಲಿಯುರೆಥೇನ್ ಬಾಳಿಕೆಯದು, ಆದರೆ ಅದರಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೋಸಯನೇಟ್ ಇದೆ. ಸ್ಪ್ರೇ ಮಾಡುವುದನ್ನು ಹೊರಗಿನ ಗಾಳಿ ಪೂರೈಸುವ ಮುಖವಾಡ ಇರುವ ವೃತ್ತಿಪರರಿಗೆ ಬಿಡಿ. ಮನೆಯಲ್ಲಿ ಒಬ್ಬರು ರೋಲರ್ ಎಳೆಯುತ್ತ, ಇನ್ನೊಬ್ಬರು ಹಿಂದೆಯೇ ಒಳ್ಳೆಯ ಬ್ರಷ್ಷಿನ ತುದಿ ತಾಗಿಸುತ್ತ ಹೋದರೆ ಸೊಗಸಾಗಿ ಬರುತ್ತದೆ. ಆಗಲೂ ರೆಸ್ಪಿರೇಟರ್ ಕಡ್ಡಾಯ.

ಗಾಳಿತಡೆಯ ಅಕ್ರಿಲಿಕ್‌ಗೆ ಅಮೋನಿಯಾ ಇರುವ ಗಾಜಿನ ಕ್ಲೀನರ್ ತಾಗಿಸಬೇಡಿ, ಒಳಗೇ ಬಿರುಕು ಬಿಡುತ್ತದೆ.

ಸಾಮಾನು ಮತ್ತೆ ಜೋಡಿಸುವಾಗ

ಮರದ ತಿರುಳಿರುವ ಕಡೆ ಹಾಕುವ ಪ್ರತಿ ಸ್ಕ್ರೂ ನೀರಿಗೊಂದು ಬಾಗಿಲು. ಬೇಕಾದುದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯಿರಿ. ಆಗ ಬೋಲ್ಟಿಗೂ ಮರಕ್ಕೂ ಸಂಬಂಧವೇ ಇರುವುದಿಲ್ಲ. ಎಂಜಿನ್ನಿನ ಬೋಲ್ಟುಗಳಿಗೂ ಇದೇ. 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು, ಒಳಗಡೆ ಅಗಲ ವಾಷರ್, ನಡುವೆ ಮೆರೈನ್ ಸೀಲಂಟ್. ಸಾದಾ ಸಿಲಿಕೋನ್ ಬೇಡ. ಅದು ಅಂಟಿದ ಜಾಗಕ್ಕೆ ಮುಂದೆ ಬೇರೇನೂ ಅಂಟುವುದಿಲ್ಲ.

ಎಂಜಿನ್, ಪೆಟ್ರೋಲ್, ವೈರು

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ನೇರವಾಗಿ ಚಾಲೂ ಮಾಡಲು ಹೋಗಬೇಡಿ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ಗಂಟೆ ಕಳೆದ ಮೇಲೆ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಸರಾಗವಾಗಿ ತಿರುಗಿದರೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ಅಂಕಿಗಿಂತ ಸಿಲಿಂಡರುಗಳ ನಡುವಿನ ಹೊಂದಿಕೆ ಮುಖ್ಯ; ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮೆಕ್ಯಾನಿಕ್ ನೋಡಲಿ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನು ಕೇಳದೆಯೇ ಬದಲಿಸಿ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಿರಿ. ಹಳೆಯ ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪ್ರಮಾಣ ಇಂದಿನ 50:1 ಅಲ್ಲದೆ 24:1ರಷ್ಟು ಇರಬಹುದು, ಕೈಪಿಡಿ ನೋಡಿ. ನೀರಿಲ್ಲದೆ ಅರೆಕ್ಷಣವೂ ಓಡಿಸಬೇಡಿ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು. ಹಳೆಯ ಪೈಪೆಲ್ಲ ಕಿತ್ತು, ಎಥನಾಲ್ ತಾಳುವ ಮೆರೈನ್ ಪೈಪು ಹಾಕಿ. ನೆಲದಡಿಯ ಅಲ್ಯೂಮಿನಿಯಂ ಟ್ಯಾಂಕ್ ಮೇಲಿನಿಂದ ಚೆನ್ನಾಗಿ ಕಂಡರೂ ಒದ್ದೆ ಫೋಮ್ ತಾಗಿದ ಅಡಿಭಾಗ ತೂತುಬಿದ್ದಿರುತ್ತದೆ. ಹೊರಗೆ ತೆಗೆದು ನೋಡದೆ ನಂಬಬೇಡಿ.

ವೈರಿಂಗ್ ಪೂರ್ತಿ ಹೊಸದು. ತವರ ಲೇಪಿಸಿದ ತಾಮ್ರದ ಎಳೆಗಳ ವೈರು, ವೈರಿನ ತುದಿಗೆ ಒತ್ತಿ ಕೂರಿಸಿದ ಲಗ್ಗು, ಅದರ ಮೇಲೆ ಬಿಸಿ ತಾಗಿಸಿದರೆ ಕುಗ್ಗಿ ಹಿಡಿಯುವ, ಅಂಟು ಇರುವ ಹೀಟ್‌ಶ್ರಿಂಕ್ ಕೊಳವೆ. ಬ್ಯಾಟರಿಯಿಂದ 18 ಸೆಂ.ಮೀ. ಒಳಗೇ ಮುಖ್ಯ ಫ್ಯೂಸು. ಬಿಲ್ಜ್ (ಬೋಟಿನ ತಳದಲ್ಲಿ ನೀರು ಸೇರುವ ಜಾಗ) ಪಂಪಿಗೆ ಮೇನ್ ಸ್ವಿಚ್ಚು ಆರಿಸಿದರೂ ಕೆಲಸ ಮಾಡುವಂತೆ ಪ್ರತ್ಯೇಕ ಫ್ಯೂಸಿನ ಸಂಪರ್ಕ. ದೀಪಗಳು ಎಡಕ್ಕೆ ಕೆಂಪು, ಬಲಕ್ಕೆ ಹಸಿರು. 12 ಮೀಟರಿಗಿಂತ ಚಿಕ್ಕ ಬೋಟಿಗೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ಜೊತೆಗಿದ್ದರೆ ಸಾಕು. ಬೇರೆ ಲೋಹದ ಭಾಗಗಳ ಬದಲು ತಾನು ಸವೆಯುವ ತುಂಡಿಗೆ ಆನೋಡ್ ಎನ್ನುತ್ತಾರೆ. ಸತುವಿನ ಆನೋಡ್ ಉಪ್ಪುನೀರಿಗೆ, ಮೆಗ್ನೀಸಿಯಂ ಸಿಹಿನೀರಿಗೆ. ಎರಡರಲ್ಲೂ ಓಡಾಡುವುದಾದರೆ ಅಲ್ಯೂಮಿನಿಯಂ. ಹಗ್ಗ ಮತ್ತು ರಾಟೆಯ ಹಳೆಯ ಸ್ಟೀರಿಂಗ್ ಇದ್ದರೆ ಚಕ್ರವನ್ನು ಮಾತ್ರ ಉಳಿಸಿಕೊಂಡು ಹಿಂದಿನದೆಲ್ಲ ಕೇಬಲ್‌ಗೆ ಬದಲಿಸಿ.

ನೀರಿಗೆ ಇಳಿಸುವುದು

ಮೊದಲ ಸಲ ಬೋಟನ್ನು ಟ್ರೇಲರ್‌ಗೆ ಕಟ್ಟಿದಂತೆಯೇ ಹಿಂದಕ್ಕಿಳಿಸಿ, ತೇಲುವ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ತಳದ ಬಿರಡೆ ಹಾಕಿದ್ದೀರೋ ನೋಡಿ. ಹತ್ತು ನಿಮಿಷ ಟಾರ್ಚು ಹಿಡಿದು ಬಿಲ್ಜ್, ಟ್ರಾನ್ಸಮ್ಮಿನ ಬೋಲ್ಟು, ಬಿರಡೆಯ ಸುತ್ತಮುತ್ತ ಬೆರಳಾಡಿಸಿ. ಎಲ್ಲೂ ಒದ್ದೆಯಿಲ್ಲದಿದ್ದರೆ ಎಂಜಿನ್ ಚಾಲೂ ಮಾಡಿ, ತಂಪುನೀರಿನ ಧಾರೆ ಹೊರಬೀಳುತ್ತಿದೆಯೇ ಖಚಿತಪಡಿಸಿಕೊಂಡು ಪಟ್ಟಿ ಬಿಚ್ಚಿ.

ಮೊದಲ ಓಟ ದಡದ ಸಮೀಪದಲ್ಲೇ ಇರಲಿ. ಎಲ್ಲರಿಗೂ ಲೈಫ್ ಜಾಕೆಟ್, ಬೋಟಿನಲ್ಲಿ ಹುಟ್ಟು, ಲಂಗರು, ಬೆಂಕಿ ಆರಿಸುವ ಸಿಲಿಂಡರ್. ವೇಗವನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಒಬ್ಬರು ಹಿಂದೆ ಕೂತು ಟ್ರಾನ್ಸಮ್ಮಿನ ಮೇಲಂಚನ್ನು ಗಮನಿಸುತ್ತಿರಲಿ, ಅದು ಅಲುಗಬಾರದು. ದಡಕ್ಕೆ ಬಂದ ಮೇಲೆ ಎಂಜಿನ್ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಬಿರಡೆ ತೆಗೆದು ಬಿಲ್ಜಿನಿಂದ ಎಷ್ಟು ನೀರು ಬಂತೆಂದು ಅಳೆಯಿರಿ. ಆ ಅಳತೆಯನ್ನು ಬೋಟಿನ ಪುಸ್ತಕದಲ್ಲಿ ತಾರೀಕಿನ ಸಮೇತ ಬರೆದಿಡಿ. ಮುಂದಿನ ಓಟಗಳಲ್ಲಿ ಅದು ಏರತೊಡಗಿದರೆ ಯಾವುದೋ ಸೀಲಂಟ್ ಬಿಟ್ಟಿದೆ ಎಂದು ಮೊದಲು ತಿಳಿಸುವುದು ಆ ಪುಸ್ತಕವೇ.